ಹಿಡಿಸೂಡಿ ರಿಟೈರ್ ಆಗುವುದು ಯಾವಾಗ?

ರಜೆ, ನಿವೃತ್ತಿ, ಉತ್ತರಾಧಿಕಾರ. ಕೇಳಲಿಕ್ಕೆ ಸಾದಾ ಮಾತುಗಳು. ಆದರೆ ಬ್ರಿಟಿಷರ ಕಾಲದ ದೊಡ್ಡ ಡಾಕ್ಟರ್ ದೊರೆಯ ಇಡೀ ಬಾಳು ಈ ಮೂರು ಮಾತುಗಳ ಮೇಲೆ ನಿಂತಿತ್ತು. ದೊರೆ ರಜೆ ಹಾಕಿ ಹಡಗು ಹತ್ತಿದರೆ ಗೆಜೆಟ್ಟಿನಲ್ಲಿ ಅಚ್ಚು. ಅವನ ಕುರ್ಚಿಯಲ್ಲಿ 'ಆಕ್ಟಿಂಗ್' ಕೂತವನ ಹೆಸರೂ ಅಚ್ಚು. ದೊರೆ ರಿಟೈರ್ ಆದರೆ ಪಿಂಚಣಿ. ಅವನ ನಂತರ ಯಾರು ಎಂಬುದಕ್ಕೆ ನಿಯಮ, ಸೀನಿಯಾರಿಟಿ, ಪತ್ರ, ಶಿಫಾರಸು. ಕುರ್ಚಿ ಒಂದು ದಿನವೂ ಖಾಲಿ ಬೀಳಬಾರದು.

ಆಗಲಿ. ನಾವು ಕೇಳುವುದು ಬೇರೆ ಪ್ರಶ್ನೆ. ದೊರೆ ರಜೆಗೆ ಹೋದ ದಿನ ಆ ಆಸ್ಪತ್ರೆಯ ಕಕ್ಕಸು ತೊಳೆದವನು ಯಾರು? ಅವನು ರಜೆಗೆ ಹೋದದ್ದು ಯಾವ ಗೆಜೆಟ್ಟಿನಲ್ಲಿ ಬಂತು? ಅವನು ಸತ್ತ ಮೇಲೆ ಅವನ ಹಿಡಿಸೂಡಿಯನ್ನು ಎತ್ತಿಕೊಂಡವನು ಯಾರ ಶಿಫಾರಸಿನಿಂದ ಬಂದ?

ಉತ್ತರ ನಿಮಗೂ ಗೊತ್ತುಂಟು. ಅವನ ಮಗ ಬಂದ. ಶಿಫಾರಸು ಮಾಡಿದ್ದು ಜಾತಿ.

ನಾವು ಉಚ್ಚಿಲದವರು. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೆದ್ದಾರಿ, ಎರಡರ ನಡುವೆ ನಮ್ಮ ಬದುಕು. 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿತ್ತು. ನಮ್ಮ ಹಿರಿಯರಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರಿನದು. ಅದರ ಹೆಸರು ವೆನ್ಲಾಕ್, ಅಂದರೆ ಮದ್ರಾಸಿನ ಒಬ್ಬ ಗವರ್ನರ್. ಹೆರಿಗೆಯ ಆಸ್ಪತ್ರೆ ಲೇಡಿ ಗೋಷನ್, ಅಂದರೆ ಇನ್ನೊಬ್ಬ ಗವರ್ನರನ ಹೆಂಡತಿ. ಘಟ್ಟ ಹತ್ತಿದರೆ ಶಿವಮೊಗ್ಗದಲ್ಲಿ ಮೆಗ್ಗಾನ್, ಬೆಂಗಳೂರಿನಲ್ಲಿ ಬೌರಿಂಗ್, ವಿಕ್ಟೋರಿಯಾ, ಮಿಂಟೋ. ದೊರೆಗಳು ರಿಟೈರ್ ಆಗಿ, ಸತ್ತು, ಗೋರಿಯಲ್ಲಿ ಮಣ್ಣಾದರೂ ಅವರ ಬೋರ್ಡು ರಿಟೈರ್ ಆಗಲಿಲ್ಲ. ಆ ಬೋರ್ಡಿನ ಕೆಳಗಿನ ಮೆಟ್ಟಿಲನ್ನು ದಿನಾ ಒರೆಸಿದವರ ಹೆಸರು ಮಸ್ಟರ್ ರೋಲಿನಲ್ಲೂ ನೆಟ್ಟಗೆ ಬರೆಯಲ್ಪಡಲಿಲ್ಲ.

*

ಮೊದಲು ದೊರೆಯ ಕಥೆ ಕೇಳುವ.

ಬ್ರಿಟಿಷ್ ಇಂಡಿಯಾದ ಡಾಕ್ಟರುಗಳ ಮೇಲ್ಪದರಕ್ಕೆ ಇಂಡಿಯನ್ ಮೆಡಿಕಲ್ ಸರ್ವಿಸ್ ಎಂದು ಹೆಸರು. ಜಿಲ್ಲೆಯ ಸಿವಿಲ್ ಸರ್ಜನ್ ಸಾಮಾನ್ಯವಾಗಿ ಈ ಪದರದವನು. ಅವನ ಕೆಳಗೆ ಅಸಿಸ್ಟೆಂಟ್ ಸರ್ಜನ್, ಸಬ್ ಅಸಿಸ್ಟೆಂಟ್ ಸರ್ಜನ್, ಕಾಂಪೌಂಡರ್, ಡ್ರೆಸ್ಸರ್, ವಾರ್ಡ್ ಬಾಯ್. ಎಲ್ಲರ ಕಾಲ ಕೆಳಗೆ ತೋಟಿ. 1855ರಿಂದ ಮೇಲಿನ ಹುದ್ದೆಗೆ ಸ್ಪರ್ಧೆಯ ಪರೀಕ್ಷೆ ಇಟ್ಟರು. ಎಲ್ಲಿ? ಲಂಡನ್ನಿನಲ್ಲಿ. ಆ ವರ್ಷವೇ ಬಂಗಾಳದ ಸೂರ್ಯಕುಮಾರ ಚಕ್ರವರ್ತಿ ಪಾಸಾದರು, ಭಾರತೀಯರಲ್ಲಿ ಮೊದಲಿಗರು. ಬಾಗಿಲು ತೆರೆದಿದೆ ಎಂದು ದೊರೆಗಳು ಹೇಳಿಕೊಂಡರು. ತೆರೆದಿತ್ತು, ಸುಳ್ಳಲ್ಲ. ಆದರೆ ಏಳು ಕಡಲಿನ ಆಚೆ ತೆರೆದಿತ್ತು. ಮೇಲಿನ ಹುದ್ದೆಯ ಪರೀಕ್ಷೆ ಲಂಡನ್ನಿನಲ್ಲಿ ನಡೆಯಿತು. ಕೆಳಗಿನ ಹುದ್ದೆಯ ಪರೀಕ್ಷೆ ತಾಯಿಯ ಹೊಟ್ಟೆಯಲ್ಲೇ ಮುಗಿದುಹೋಗುತ್ತಿತ್ತು.

ರೊನಾಲ್ಡ್ ರಾಸ್ ಎಂಬ ಡಾಕ್ಟರನ ಹೆಸರು ಶಾಲೆಯಲ್ಲಿ ನೀವೇ ಪಾಠ ಮಾಡಿರುತ್ತೀರಿ, ಮಾಷ್ಟ್ರೇ. 1881ರಲ್ಲಿ ಸರ್ವಿಸಿಗೆ ಸೇರಿದವನು. 1883ರಲ್ಲಿ ಬೆಂಗಳೂರಿನ ದಂಡಿನ ಆಸ್ಪತ್ರೆಗೆ 'ಆಕ್ಟಿಂಗ್' ಸರ್ಜನ್ ಆಗಿ ಬಂದ. ಕಿಟಕಿಯ ಪಕ್ಕದ ನೀರಿನ ತೊಟ್ಟಿ ಬೋರಲು ಹಾಕಿದರೆ ಸೊಳ್ಳೆ ಕಡಿಮೆಯಾಗುವುದನ್ನು ಅಲ್ಲೇ ಕಂಡ. 1888ರಲ್ಲಿ ರಜೆ ಹಾಕಿ ಇಂಗ್ಲೆಂಡಿಗೆ ಹೋದ. ಅಲ್ಲಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಮಾಡಿದ, ಕ್ರಿಮಿಶಾಸ್ತ್ರ ಕಲಿತ, ಮದುವೆಯೂ ಆದ. 1894ರಲ್ಲಿ ಮತ್ತೆ ರಜೆ. ಆ ರಜೆಯಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ನನ್ನು ಕಂಡ. ಮಲೇರಿಯಾಕ್ಕೂ ಸೊಳ್ಳೆಗೂ ಸಂಬಂಧ ಇರಬಹುದು ಎಂಬ ಮಾತು ಅಲ್ಲಿ ಅವನ ತಲೆಗೆ ಬಿತ್ತು. 1895ರಲ್ಲಿ ವಾಪಸು ಬಂದ. ಕಾಲರಾ ಕೆಲಸಕ್ಕೆ ಬೆಂಗಳೂರಿಗೆ ಹಾಕಿದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಕ್ರಿಮಿ ಕಂಡ. 1899ರಲ್ಲಿ, 42ನೇ ವಯಸ್ಸಿಗೆ, ರಿಟೈರ್ ಆದ. 1902ರಲ್ಲಿ ನೊಬೆಲ್ ಬಂತು.

ನಮಗೆ ರಾಸ್ ಮೇಲೆ ಹಗೆ ಇಲ್ಲ. ಮಲೇರಿಯಾದಲ್ಲಿ ಸತ್ತವರು ಹೆಚ್ಚಿನವರು ನಮ್ಮವರೇ. ಆದರೆ ಒಂದು ಸಂಗತಿ ಕಣ್ಣಿಟ್ಟು ನೋಡಿ. ರಜೆ ಎಂದರೆ ಅವನಿಗೆ ಬರೀ ಕಾಲು ಚಾಚಿ ಮಲಗುವುದಲ್ಲ. ರಜೆ ಎಂದರೆ ಓದು. ರಜೆ ಎಂದರೆ ಗುರು. ರಜೆ ಎಂದರೆ ಮುಂದಿನ ಮೆಟ್ಟಿಲು. ಆ ಎರಡು ರಜೆ ಕಳೆದುಬಿಡಿ, ನೊಬೆಲ್ ಎಲ್ಲಿ ಉಂಟು?

ಈಗ ಅದೇ ಪ್ರಯೋಗಾಲಯದಲ್ಲಿ ಮತ್ತೊಬ್ಬನನ್ನು ನೋಡಿ. ಹುಸೇನ್ ಖಾನ್ ಎಂಬ ರೋಗಿ. ಅವನ ಮೈಗೆ ಸೊಳ್ಳೆ ಬಿಟ್ಟು ಕಚ್ಚಿಸಿದರು. ಕಚ್ಚಿದ ಸೊಳ್ಳೆ ಒಂದಕ್ಕೆ ಒಂದಾಣೆ. ರಕ್ತ ಕೊಟ್ಟವನಿಗೆ ಆಣೆ ಲೆಕ್ಕ, ರಕ್ತ ನೋಡಿದವನಿಗೆ ಪಿಂಚಣಿ ಲೆಕ್ಕ. ಆ ಪಿಂಚಣಿಯೂ ದೊರೆಗೆ ಸಾಲಲಿಲ್ಲ. ಜೆನ್ನರನಿಗೆ ಪಾರ್ಲಿಮೆಂಟು 30,000 ಪೌಂಡು ಕೊಟ್ಟಿದೆ, ನನಗೂ ಕೊಡಿ ಎಂದು 1913ರಲ್ಲಿ ಅರ್ಜಿ ಹಾಕಿದ. ಕೊಡಲಿಲ್ಲ. 1928ರಲ್ಲಿ ತನ್ನ ಕಾಗದಪತ್ರಗಳನ್ನು 2,000 ಪೌಂಡಿಗೆ ಮಾರಿದ. ಸಾಮ್ರಾಜ್ಯ ತನ್ನ ದೊರೆಯನ್ನೇ ಹೀಗೆ ನೋಡಿಕೊಂಡರೆ ತನ್ನ ತೋಟಿಯನ್ನು ಹೇಗೆ ನೋಡಿಕೊಂಡಿತು?

ಹೇಗೆಂದರೆ, ಜೈಲು ತೋರಿಸಿ. ಮುಂಬಯಿ ಪ್ರಾಂತ್ಯದಲ್ಲಿ 1890ರಲ್ಲಿ ಪುರಸಭಾ ನೌಕರರ ಕಾಯ್ದೆ ಮಾಡಿದರು. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲ ಆಗ ಆ ಪ್ರಾಂತ್ಯದೊಳಗೆ. ಮಲ ಬಳಿಯುವವನು ಅನುಮತಿ ಇಲ್ಲದೆ, ಮೊದಲೇ ನೋಟಿಸು ಕೊಡದೆ ಕೆಲಸ ಬಿಟ್ಟರೆ ಅದು ಅಪರಾಧ, ಸೆರೆಮನೆ. ದೊರೆಗೆ ರಜೆಯ ನಿಯಮ, ತೋಟಿಗೆ ರಜೆಯೇ ಗುನ್ನೆ! ಒಂದೇ ಸರ್ಕಾರ, ಒಂದೇ ಮಸಿ, ಒಂದೇ ಮೊಹರು.

*

ಈಗ ನಡುವಿನ ಮೆಟ್ಟಿಲಿಗೆ ಬರುವ. ಇಲ್ಲಿ ನಮ್ಮವನೊಬ್ಬ ನಿಂತಿದ್ದಾನೆ. ಡಾಕ್ಟರ್ ಪದ್ಮನಾಭನ್ ಪಾಲ್ಪು.

1863ರಲ್ಲಿ ತಿರುವನಂತಪುರದ ಪೇಟ್ಟದಲ್ಲಿ ಈಳವರ ಮನೆಯಲ್ಲಿ ಹುಟ್ಟಿದವರು. ನಮ್ಮ ಬಿಲ್ಲವರ ಹಾಗೆಯೇ ಕಳ್ಳು ಇಳಿಸುವ ಜಾತಿ ಎಂದು ಮೂಲೆಗೆ ತಳ್ಳಲ್ಪಟ್ಟವರು. ಮದ್ರಾಸಿಗೆ ಹೋಗಿ ಡಾಕ್ಟರಿಕೆ ಕಲಿತರು. ಸ್ವಂತ ರಾಜ್ಯ ತಿರುವಾಂಕೂರಿಗೆ ಅರ್ಜಿ ಹಾಕಿದರು. ಈಳವನಿಗೆ ಸರ್ಕಾರಿ ಡಾಕ್ಟರ್ ಕುರ್ಚಿಯೋ? ಇಲ್ಲ! ನಾಡಿ ಹಿಡಿಯಬೇಕಾದ ಕೈಯ ಜಾತಿ ನೋಡಿದ ರಾಜ್ಯ ಅದು. ಅವರು ಘಟ್ಟ ದಾಟಿ ಮೈಸೂರು ಸಂಸ್ಥಾನದ ವೈದ್ಯ ಇಲಾಖೆಗೆ ಸೇರಿದರು. 1896ರಲ್ಲಿ 13,176 ಈಳವರ ಸಹಿ ಸಂಗ್ರಹಿಸಿ ತಿರುವಾಂಕೂರಿನ ಮಹಾರಾಜರಿಗೆ ಮನವಿ ಕೊಟ್ಟರು: ನಮ್ಮ ಮಕ್ಕಳನ್ನು ಶಾಲೆಗೆ ಸೇರಿಸಿ, ನಮಗೆ ನೌಕರಿ ಕೊಡಿ ಎಂದು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಉಳ್ಳವರು ಊರು ಬಿಟ್ಟರು. ಆ ಪ್ಲೇಗು ಕ್ಯಾಂಪುಗಳಲ್ಲಿ ನಿಂತು ಕೆಲಸ ಮಾಡಿದವರು ಪಾಲ್ಪು. ಆಮೇಲೆ ಅವರೂ ಇಂಗ್ಲೆಂಡಿಗೆ ಹೋಗಿ ಸಾರ್ವಜನಿಕ ಆರೋಗ್ಯ ಓದಿ ಬಂದರು. ಬೆಂಗಳೂರು ನಗರದ ಆರೋಗ್ಯಾಧಿಕಾರಿಯಾದರು. 1920ರಲ್ಲಿ ನಿವೃತ್ತರಾದರು. 1950ರಲ್ಲಿ ತೀರಿಕೊಂಡರು. 1903ರಲ್ಲಿ ನಾರಾಯಣ ಗುರುಗಳ ಹೆಸರಿನಲ್ಲಿ ಧರ್ಮ ಪರಿಪಾಲನಾ ಸಂಘ ಕಟ್ಟಿದಾಗ ಬೆನ್ನೆಲುಬಾಗಿ ನಿಂತವರು ಇವರೇ. ಅದೇ ನಾರಾಯಣ ಗುರು 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಪ್ರತಿಷ್ಠೆ ಮಾಡಿದ್ದು. ಕುದ್ರೋಳಿಯ ದಸರಾ ದೀಪ ನೋಡಲಿಕ್ಕೆ ಉಚ್ಚಿಲದಿಂದ ಬಸ್ಸು ತುಂಬಿ ಹೋಗುತ್ತೇವೆ. ಪಾಲ್ಪು ಹೆಸರನ್ನು ನಮ್ಮ ಪಠ್ಯಪುಸ್ತಕದಲ್ಲಿ ಓದಿದ ನೆನಪು ನಮಗಿಲ್ಲ.

ಪಾಲ್ಪು ಕುರ್ಚಿ ಗೆದ್ದರು. ದೊಡ್ಡ ಗೆಲುವು. ನಾವು ಆ ಗೆಲುವಿಗೆ ತಲೆಬಾಗುತ್ತೇವೆ. ಆದರೆ ಗೆಳೆಯರೇ, ಅದೇ ಪ್ಲೇಗು ಕ್ಯಾಂಪಿನಲ್ಲಿ ಹೆಣ ಹೊತ್ತವನು, ಸುಣ್ಣ ಎರಚಿದವನು, ರೋಗಿಯ ವಾಂತಿ ಬಳಿದವನು ಯಾರು? ಅವನು 1920ರಲ್ಲಿ ರಿಟೈರ್ ಆಗಲಿಲ್ಲ. ಅವನ ಮೊಮ್ಮಗನೂ ಆಗಲಿಲ್ಲ. ಒಬ್ಬ ಪಾಲ್ಪು ಮೇಲೆ ಹತ್ತಿದರೆ ಏಣಿಯ ಬುಡ ತಾನಾಗಿ ಮೇಲೆ ಬರುವುದಿಲ್ಲ. ಬುಡವನ್ನು ಬೇರೆಯೇ ಎತ್ತಬೇಕು.

*

1947ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಮುಚ್ಚಿತು. ಹೊರಟು ನಿಂತ ಬಿಳಿಯ ಅಧಿಕಾರಿಗಳಿಗೆ ಪಿಂಚಣಿಯ ಜೊತೆ ನೌಕರಿ ಹೋದದ್ದಕ್ಕೆ ಪರಿಹಾರವೂ ಸಿಕ್ಕಿತು. ತೋಟಿಗೆ ಆಗಸ್ಟ್ 15ರ ಬೆಳಿಗ್ಗೆ ಸಿಕ್ಕಿದ್ದು ಆಗಸ್ಟ್ 14ರ ಹಿಡಿಸೂಡಿ.

ದೊರೆ ಎದ್ದ ಕುರ್ಚಿಯಲ್ಲಿ ಕೂತವರು ಯಾರು? ಮೂರು ಘಟನೆ ಹೇಳುತ್ತೇವೆ. ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ.

ಒಂದು. 1946ರಲ್ಲಿ ಜೋಸೆಫ್ ಭೋರ್ ಸಮಿತಿಯ ವರದಿ ಬಂತು. ಒಳ್ಳೆಯ ವರದಿಯೇ. ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದಿತು. ಆದರೆ ಇನ್ನೊಂದು ಮಾತೂ ಹೇಳಿತು: ಎಲ್.ಎಂ.ಪಿ. ಕೋರ್ಸು ನಿಲ್ಲಿಸಿ, ಇನ್ನು ಎಲ್ಲರೂ ಎಂ.ಬಿ.ಬಿ.ಎಸ್. ಆಗಲಿ. ಆ ಹೊತ್ತಿಗೆ ದೇಶದ ಸುಮಾರು 47,500 ಡಾಕ್ಟರುಗಳಲ್ಲಿ ಸುಮಾರು 30,000 ಮಂದಿ ಎಲ್.ಎಂ.ಪಿ.ಗಳು. ಕಡಿಮೆ ಖರ್ಚು, ಕಡಿಮೆ ವರ್ಷ, ಹಳ್ಳಿಯ ಹುಡುಗನ ಕೈಗೆ ಎಟಕುವ ಕೊಂಬೆ. ಸಮಿತಿಯೊಳಗೇ ಆರು ಜನ ಬೇಡ ಎಂದರು. ಕೊಂಬೆ ಕಡಿದರು.

ಎರಡು. ಆಗ ಮದ್ರಾಸಿನಲ್ಲಿ ಕೋಮುವಾರು ಸರ್ಕಾರಿ ಆದೇಶ ಇತ್ತು. ಕಾಲೇಜಿನ ಪ್ರತಿ 14 ಸೀಟಿನಲ್ಲಿ 6 ಬ್ರಾಹ್ಮಣೇತರ ಹಿಂದೂಗಳಿಗೆ, 2 ಹಿಂದುಳಿದ ಹಿಂದೂಗಳಿಗೆ, 2 ಬ್ರಾಹ್ಮಣರಿಗೆ, 2 ಹರಿಜನರಿಗೆ, 1 ಕ್ರೈಸ್ತ ಮತ್ತು ಆಂಗ್ಲೋ ಇಂಡಿಯನ್ನರಿಗೆ, 1 ಮುಸ್ಲಿಮರಿಗೆ. ನಮ್ಮ ಜಿಲ್ಲೆಯೂ ಈ ಲೆಕ್ಕದೊಳಗಿತ್ತು. ಮೆಡಿಕಲ್ ಸೀಟಿಗೆ ಈ ಆದೇಶ ಅಡ್ಡ ಬರುತ್ತದೆ ಎಂದು ಚಂಪಕಂ ದೊರೈರಾಜನ್ ಕೋರ್ಟಿಗೆ ಹೋದರು. ಅವರು ಆ ಸೀಟಿಗೆ ಅರ್ಜಿಯನ್ನೇ ಹಾಕಿರಲಿಲ್ಲ! ಆದರೂ 1951ರ ಏಪ್ರಿಲ್ಲಿನಲ್ಲಿ ಸುಪ್ರೀಂ ಕೋರ್ಟು ಆದೇಶವನ್ನು ಹೊಡೆದುಹಾಕಿತು. ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ಮೀಸಲಾತಿಯನ್ನು ಉಳಿಸಬೇಕಾಯಿತು. ಹೊಸ ಗಣರಾಜ್ಯ ಹುಟ್ಟಿ ಹದಿನೈದು ತಿಂಗಳಿಗೇ ನಡೆದ ಜಗಳ ಯಾವುದಕ್ಕೆ ಎಂದರೆ, ಡಾಕ್ಟರ್ ಕುರ್ಚಿಗೆ.

ಮೂರು. 1953ರಲ್ಲಿ ನಮ್ಮ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು, ಖಾಸಗಿ ಮೆಡಿಕಲ್ ಕಾಲೇಜು. ಅದರ ಹುಡುಗರು ಮಂಗಳೂರಿನಲ್ಲಿ ಕಲಿತದ್ದು ಯಾರ ಮೈಮೇಲೆ? ವೆನ್ಲಾಕಿನಲ್ಲಿ ಮಲಗಿದ ಬಡವರ ಮೈಮೇಲೆ. ಸರ್ಕಾರದ ಹಾಸಿಗೆ, ಬಡವನ ಹೊಟ್ಟೆನೋವು, ಖಾಸಗಿ ಕಾಲೇಜಿನ ಪಾಠ. ಮುಂದೆ 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಶನ್ ಹೆಸರಿನ ಮೊಕದ್ದಮೆಯಲ್ಲೇ ಖಾಸಗಿ ಕಾಲೇಜುಗಳ ಸ್ವಾತಂತ್ರ್ಯದ ದೊಡ್ಡ ತೀರ್ಪು ಬಂತು. ನಮ್ಮ ಮಣ್ಣಿನ ಹೆಸರು ಕಾನೂನಿನ ಪುಸ್ತಕ ಸೇರಿತು. ನಮ್ಮ ಮಕ್ಕಳು ಕಾಲೇಜು ಸೇರಿದರಾ? ದುಡ್ಡಿದ್ದವನು ಸೇರಿದ.

ಇದು ಉತ್ತರಾಧಿಕಾರದ ಕಥೆ ಮಾರಾಯ್ರೆ. ಬಿಳಿಯ ದೊರೆ ಎದ್ದ. ಅಗ್ರಹಾರ ಕೂತಿತು, ಪಕ್ಕದಲ್ಲಿ ದುಡ್ಡಿನ ಚೀಲ ಕೂತಿತು. ಏಣಿ ಮಾತ್ರ ಅದೇ.

*

ಇನ್ನು ನಮ್ಮ ಅಂಗಳ. ಬೇರೆಯವರನ್ನು ಬೈಯ್ಯುವುದು ಸುಲಭ, ತುಳುನಾಡಿನ ಅಂಗಳ ಗುಡಿಸುವುದು ಕಷ್ಟ.

ಕೊರಗರನ್ನು ನಾವು ಏನು ಮಾಡಿದ್ದೇವೆ? ಬುಟ್ಟಿ ಹೆಣೆಯುವ, ಡೋಲು ಬಾರಿಸುವ, ಈ ನೆಲದ ಮೂಲಜನ. ಗರ್ಭಿಣಿಯ ದೋಷ, ಮಗುವಿನ ರೋಗ ದಾಟಿಹೋಗಲಿ ಎಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿದವರು ಈ ಊರುಗಳ ದೊಡ್ಡ ಮನೆಯವರು. ಅದಕ್ಕೆ ಅಜಲು ಎಂದು ಹೆಸರು. ವೆನ್ಲಾಕಿಗಿಂತ ಹಳೆಯದಾದ ನಮ್ಮ ಜಿಲ್ಲೆಯ 'ವೈದ್ಯಕೀಯ ಸೇವೆ' ಇದು: ರೋಗ ಮೇಲ್ಜಾತಿಯದು, ಔಷಧಿ ಕೊರಗನ ಹೊಟ್ಟೆ. ಇದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. 1900 ಅಲ್ಲ, 2000!

ಪುರಸಭೆ ಬಂದಾಗ, ಆಸ್ಪತ್ರೆ ಬಂದಾಗ ಗುಡಿಸಲಿಕ್ಕೆ ಕರೆದದ್ದೂ ಇವರನ್ನೇ. ಅಜಲು ಯೂನಿಫಾರಂ ಹಾಕಿಕೊಂಡಿತು, ಅಷ್ಟೇ. ಕಂಬಳದಲ್ಲಿ ಡೋಲು ಬಾರಿಸಲು ಬಿಟ್ಟಿ ಕರೆದ ಕೈಯೇ ವಾರ್ಡಿನಲ್ಲಿ ರಕ್ತ ಒರೆಸಲು ಕರೆಯಿತು. ಇದನ್ನು ಬ್ರಿಟಿಷರೊಬ್ಬರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬೇಡಿ. ಮೊಗವೀರ, ಬಿಲ್ಲವ, ಬಂಟ, ನಮ್ಮೆಲ್ಲರ ಓಣಿಯಲ್ಲೂ ಆ ಕೆಲಸಕ್ಕೆ ಯಾರು ಬರಬೇಕು ಎಂದು ಯಾರಿಗೂ ಕೇಳುವ ಅಗತ್ಯ ಬೀಳಲಿಲ್ಲ.

ನಮ್ಮ ರಾಜ್ಯದಲ್ಲಿ ಈ ಹಿಡಿಸೂಡಿಯ ಮೇಲೆ ಕೈ ಇಟ್ಟ ಮಂತ್ರಿ ಬಿ. ಬಸವಲಿಂಗಪ್ಪ. ದೇವರಾಜ ಅರಸು ಸರ್ಕಾರದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದೇ ಬಸವಲಿಂಗಪ್ಪ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಆಡಿದ ಬೂಸಾ ಮಾತಿಗೆ ಬೀದಿಗಳು ಹೊತ್ತಿ ಉರಿದವು, ಅವರು ಮಂತ್ರಿ ಕುರ್ಚಿ ಬಿಟ್ಟರು. ನಮ್ಮ ಚಳವಳಿ ಆ ಬೆಂಕಿಯಿಂದ ಎದ್ದು ಬಂತು. ದೇಶಕ್ಕೆ ಕಾನೂನು 1993ರಲ್ಲಿ, ಮತ್ತೆ 2013ರಲ್ಲಿ. ಎರಡೆರಡು ಸಲ ನಿಷೇಧಿಸಬೇಕಾಗಿ ಬಂತು ಎಂದರೆ ಮೊದಲನೆಯ ಸಲ ಯಾರೂ ಬಿಡಲಿಲ್ಲ ಎಂದೇ ಅರ್ಥ.

ಮತ್ತೆ ಹೊರಗುತ್ತಿಗೆ ಬಂತು. ಆಸ್ಪತ್ರೆಯ 'ಡಿ' ದರ್ಜೆಯ ಕಾಯಂ ಹುದ್ದೆಗಳು ಖಾಲಿ ಬಿದ್ದಂತೆ ತುಂಬಲಿಲ್ಲ, ಗುಡಿಸುವುದನ್ನು ಏಜೆನ್ಸಿಗೆ ಬರೆದುಕೊಟ್ಟರು. ಕಾಯಂ ತೋಟಿಗೆ ಮುದುಕನಾದ ಮೇಲೆ ನಾಲ್ಕು ಕಾಸಿನ ಪಿಂಚಣಿಯಾದರೂ ಇತ್ತು. ಏಜೆನ್ಸಿಯವಳಿಗೆ ಏನುಂಟು? ಟೆಂಡರ್ ಬದಲಾದರೆ ಅವಳ ಸರ್ವಿಸು ಸೊನ್ನೆಯಿಂದ ಶುರು. ಹತ್ತು ವರ್ಷ ಅದೇ ವಾರ್ಡು, ಅದೇ ಬಕೆಟ್ಟು, ಕಾಗದದಲ್ಲಿ ಮಾತ್ರ ಪ್ರತಿ ಸಲ ಹೊಸಬಳು. ಉಡುಪಿಯಲ್ಲೇ ನೋಡಿ. ಹಾಜಿ ಅಬ್ದುಲ್ಲಾ ಸಾಹೇಬರ ಹೆಸರಿನ ತಾಯಿ ಮಕ್ಕಳ ಆಸ್ಪತ್ರೆಯನ್ನು ಖಾಸಗಿ ಸಂಸ್ಥೆಯ ಕೈಗೆ ಒಪ್ಪಿಸಿದರು. 2021ರಲ್ಲಿ ಅಲ್ಲಿನ ನೌಕರರು ಸಂಬಳ ಕೊಡಿ ಎಂದು ಧರಣಿ ಕೂತರು. ಕೊನೆಗೆ ಸರ್ಕಾರವೇ ವಾಪಸು ತೆಗೆದುಕೊಳ್ಳಬೇಕಾಯಿತು.

2020ರಲ್ಲಿ ಪಾರ್ಲಿಮೆಂಟು ಕಾರ್ಮಿಕರ ಸುರಕ್ಷತೆ, ಆರೋಗ್ಯದ ಸಂಹಿತೆ ಒಪ್ಪಿತು. ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಆಳು ಇಡಬಾರದು ಎಂದು ಅದು ಹೇಳುತ್ತದೆ. ಒಳ್ಳೆಯದು. ಮುಂದೆ ಓದಿ. ಗುಡಿಸುವುದು, ತೊಳೆಯುವುದು, ಕಸ ಸಾಗಿಸುವುದು ಮುಖ್ಯ ಕೆಲಸದಲ್ಲಿ ಸೇರುವುದಿಲ್ಲವಂತೆ. ಆಸ್ಪತ್ರೆಯ ಹೆರಿಗೆ ಕೋಣೆ ತೊಳೆಯುವುದು ಆಸ್ಪತ್ರೆಯ ಮುಖ್ಯ ಕೆಲಸ ಅಲ್ಲವಾ? ಒಂದು ವಾರ ತೊಳೆಯದೆ ಬಿಡಿ. ಯಾವ ಸರ್ಜನ್ ಕತ್ತರಿ ಹಿಡಿಯುತ್ತಾನೆ ನೋಡುವ.

*

ಇಷ್ಟು ಹೇಳಿದ ಕೂಡಲೇ ಮೂರು ಉತ್ತರ ಬರುತ್ತವೆ. ಅರ್ಹತೆ ಎನ್ನುತ್ತಾರೆ. ಡಾಕ್ಟರ್ ಕುರ್ಚಿಗೆ ಅರ್ಹತೆ ಬೇಕು, ಒಪ್ಪಿದೆವು. ಹಾಗಾದರೆ ಹಿಡಿಸೂಡಿಗೂ ಅರ್ಹತೆ ಕೇಳಿ. ಸಾವಿರಾರು ವರ್ಷದಿಂದ ಒಂದೇ ಜಾತಿಗೆ ನೂರಕ್ಕೆ ನೂರು ಮೀಸಲು ಕೊಟ್ಟ ಆ ಹುದ್ದೆಗೆ ಒಮ್ಮೆ ಮುಕ್ತ ಸ್ಪರ್ಧೆ ಆಗಲಿ. ಮಠದ ಬೀದಿಯಿಂದ ಅರ್ಜಿಗಳು ಬರಲಿ.

ಸರ್ಕಾರದಲ್ಲಿ ದುಡ್ಡಿಲ್ಲ ಎನ್ನುತ್ತಾರೆ. ಬೆಂಗಳೂರಿನ ಪೌರಕಾರ್ಮಿಕರು ವರ್ಷಗಟ್ಟಲೆ ಬೀದಿಗಿಳಿದರು, ಕೆಲಸ ನಿಲ್ಲಿಸಿದರು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಸರ್ಕಾರ ದಿವಾಳಿ ಎದ್ದಿತಾ?

ಯಂತ್ರ ಬಂದಿದೆ, ಇನ್ನು ಆ ಕೆಲಸವೇ ಇಲ್ಲ ಎನ್ನುತ್ತಾರೆ. ಬರಲಿ, ಸ್ವಾಗತ. ಯಂತ್ರದ ಗುಂಡಿ ಒತ್ತುವ ಕೆಲಸ ಯಾರಿಗೆ ಹೋಗುತ್ತದೆ, ಯಂತ್ರ ಕೆಟ್ಟ ದಿನ ಗುಂಡಿಗೆ ಯಾರನ್ನು ಇಳಿಸುತ್ತೀರಿ, ಅದನ್ನು ಮಾತ್ರ ಹೇಳಿ.

ನಮ್ಮ ಕೇಳಿಕೆ ದೊಡ್ಡದಲ್ಲ. ದೊರೆಗೆ ಕೊಟ್ಟದ್ದನ್ನೇ ಕೇಳುತ್ತೇವೆ.

ರಜೆ ಕೊಡಿ. ವಾರಕ್ಕೊಂದು, ಹೆರಿಗೆಗೆ, ಕಾಯಿಲೆಗೆ, ಸಂಬಳ ಸಹಿತ. ಓದಲಿಕ್ಕೂ ರಜೆ ಕೊಡಿ. ವಾರ್ಡು ಗುಡಿಸುವವಳು ನರ್ಸಿಂಗ್ ಕಲಿಯುತ್ತೇನೆ ಎಂದರೆ ಸಂಬಳ ಕೊಟ್ಟು ಕಳಿಸಿ, ರಾಸನನ್ನು ಕಳಿಸಿದ ಹಾಗೆ.

ನಿವೃತ್ತಿ ಕೊಡಿ. ಕಾಯಂ ಹುದ್ದೆ, ಅದಕ್ಕೆ ತಕ್ಕ ಪಿಂಚಣಿ. ಏಜೆನ್ಸಿಯಲ್ಲಿ ಸವೆಸಿದ ವರ್ಷಗಳನ್ನೂ ಸರ್ವಿಸಿಗೆ ಸೇರಿಸಿ.

ಉತ್ತರಾಧಿಕಾರ ಮುರಿಯಿರಿ. ತೋಟಿಯ ಮಗನಿಗೆ 'ಅನುಕಂಪದ ಆಧಾರ'ದಲ್ಲಿ ಮತ್ತೆ ಅದೇ ಬಕೆಟ್ಟು ಕೊಡಬೇಡಿ. ಲ್ಯಾಬಿನಲ್ಲಿ ಕೊಡಿ, ಫಾರ್ಮಸಿಯಲ್ಲಿ ಕೊಡಿ, ಆಫೀಸಿನಲ್ಲಿ ಕೊಡಿ.

ಓದುವ ನಿಮಗೂ ಕೆಲಸ ಉಂಟು. ನಮ್ಮ ಮನೆಗಳಲ್ಲಿ ಡಿಗ್ರಿ ಸರ್ಟಿಫಿಕೇಟನ್ನು ಮೊದಲು ಕಂಡವರು ನಾವು. ಆ ಕಾಗದವನ್ನು ಚೌಕಟ್ಟು ಹಾಕಿ ಗೋಡೆಗೆ ಮೊಳೆ ಹೊಡೆಯಲಿಕ್ಕೆ ಪಡೆದದ್ದಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮ ತೆಗೆದು ಓದಿ. ಆಸ್ಪತ್ರೆಯ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ, ಧನುರ್ವಾಯುವಿನ ಲಸಿಕೆ ಹಾಕಿಸಬೇಕು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಆಗಬೇಕು ಎಂದಿದೆ. ನಿಮ್ಮ ತಾಲೂಕು ಆಸ್ಪತ್ರೆಗೆ ಹೋಗಿ, ಗುಡಿಸುವವಳ ಹೆಸರು ಕೇಳಿ, ಲಸಿಕೆ ಆಗಿದೆಯಾ ಕೇಳಿ. ಇಲ್ಲ ಎಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದುಕೊಡಿ. ಅವಳಿಗೆ ಬರೆಯಲಿಕ್ಕೆ ಬರುವುದಾದರೆ ಪೆನ್ನು ಅವಳ ಕೈಗೇ ಕೊಡಿ. ಮಾಷ್ಟ್ರೇ, ನಿಮ್ಮ ಶಾಲೆಯ ಕಕ್ಕಸು ತೊಳೆಯಲು ಯಾವ ಹುಡುಗನನ್ನು ಕಳಿಸುತ್ತಾರೆ ಎಂಬುದರ ಮೇಲೂ ಒಂದು ಕಣ್ಣಿರಲಿ. ಹಿಡಿಸೂಡಿಯ ಉತ್ತರಾಧಿಕಾರಿಯನ್ನು ಹೆಚ್ಚಾಗಿ ಅಲ್ಲಿಯೇ ನೇಮಕ ಮಾಡುವುದು.

ದೊರೆಯ ಕುರ್ಚಿಯಲ್ಲಿ ಈಗ ಯಾರು ಕೂತಿದ್ದಾರೆ ಎಂದು ನೋಡಿ ಚಪ್ಪಾಳೆ ತಟ್ಟುವುದು ಸಾಕು. ಕೆಳಗೆ ನೋಡಿ. ಬಗ್ಗಿದ ಆ ಬೆನ್ನು ಇನ್ನೂ ಡ್ಯೂಟಿಯಲ್ಲಿದೆ.